ರೂಟರ್ ಕೊಂಡವರಿಗೂ ಸೋರ್ಸ್ ಕೋಡ್ ಕೇಳುವ ಹಕ್ಕಿದೆ

ಲಿನಕ್ಸ್ ಕರ್ನೆಲ್ ಅಳವಡಿಸಿದ ವೈಫೈ ರೂಟರನ್ನೋ ಸ್ಮಾರ್ಟ್ ಟಿವಿಯನ್ನೋ ಮಾರುವ ಕಂಪನಿ ಆ ಕರ್ನೆಲ್‌ನ ಸೋರ್ಸ್ ಕೋಡನ್ನು, ತಾನು ಮಾಡಿಕೊಂಡ ಬದಲಾವಣೆಗಳ ಸಮೇತ, ಕೊಂಡವರಿಗೆ ಒದಗಿಸಬೇಕು. ಇದು ಕಂಪನಿ ತೋರುವ ಔದಾರ್ಯವಲ್ಲ. ಕರ್ನೆಲ್ ಹಂಚಲು ಅದಕ್ಕೆ ಸಿಕ್ಕ ಅನುಮತಿಯ ಷರತ್ತು. ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಜಿಪಿಎಲ್ ಎಂಬ ಲೈಸೆನ್ಸ್‌ನ 1991ರ ಎರಡನೆಯ ಆವೃತ್ತಿಯಲ್ಲಿ ಈ ಷರತ್ತು ಇದೆ. ಆ ಲೈಸೆನ್ಸ್ ಪ್ರಕಾರ ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಣ ಪಡೆದು ಮಾರಲೂಬಹುದು. ಆದರೆ ತಮಗೆ ಸಿಕ್ಕ ಸ್ವಾತಂತ್ರ್ಯವನ್ನು ಮುಂದಿನವರಿಗೆ ತಪ್ಪಿಸುವಂತಿಲ್ಲ.

ಇದರ ಬಲ ಇರುವುದು ಕೃತಿಸ್ವಾಮ್ಯ ಕಾನೂನಿನಲ್ಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದೆ. ಒಡೆಯರ ಅನುಮತಿ ಇಲ್ಲದೆ, ಅಥವಾ ಅನುಮತಿಯ ಷರತ್ತು ಮೀರಿ, ಅದರ ಪ್ರತಿ ಮಾಡಿ ಹಂಚಿದರೆ ಸೆಕ್ಷನ್ 51ರ ಉಲ್ಲಂಘನೆಯಾಗುತ್ತದೆ. ಸೆಕ್ಷನ್ 55ರಲ್ಲಿ ತಡೆಯಾಜ್ಞೆ, ಪರಿಹಾರ ಎರಡಕ್ಕೂ ಅವಕಾಶವಿದೆ. ‘ಪುಕ್ಕಟೆ ಸಿಕ್ಕಿದ ಕೋಡ್‌ಗೆ ಎಂಥ ಷರತ್ತು’ ಎಂಬ ವಾದ ನ್ಯಾಯಾಲಯದಲ್ಲಿ ನಿಂತಿಲ್ಲ. ಆಟಿಕೆ ರೈಲು ಓಡಿಸುವ ಒಂದು ಮುಕ್ತ ತಂತ್ರಾಂಶದ ಜೇಕಬ್‌ಸನ್–ಕ್ಯಾಟ್ಜರ್ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯ, ಇಂಥ ಷರತ್ತುಗಳನ್ನೂ ಕೃತಿಸ್ವಾಮ್ಯ ಕಾನೂನಿನ ಮೂಲಕ ಜಾರಿ ಮಾಡಿಸಬಹುದೆಂದು 2008ರಲ್ಲಿ ಹೇಳಿತು.

ಪ್ರತಿಯನ್ನು ಮತ್ತೊಬ್ಬರ ಕೈಗೆ ಕೊಟ್ಟಾಗ ಈ ಹೊಣೆ ಹುಟ್ಟುತ್ತದೆ. ಬ್ಯಾಂಕೊಂದು ಜಿಪಿಎಲ್ ತಂತ್ರಾಂಶವನ್ನು ತಿದ್ದಿ ತನ್ನ ಕಚೇರಿಯೊಳಗೇ ಬಳಸಿಕೊಂಡರೆ ಯಾರಿಗೂ ಏನನ್ನೂ ಕೊಡಬೇಕಿಲ್ಲ. ತನ್ನ ಸರ್ವರ್‌ನಲ್ಲಿ ಓಡಿಸಿ ಜಾಲತಾಣದ ಮೂಲಕ ಸೇವೆ ಕೊಡುವ ಕಂಪನಿಯೂ ಹೊಣೆಯಿಂದ ಹೊರಗೇ ಉಳಿಯುತ್ತದೆ. ಈ ಕಿಂಡಿ ಮುಚ್ಚಲೆಂದೇ 2007ರಲ್ಲಿ ಎಜಿಪಿಎಲ್ ಮೂರನೆಯ ಆವೃತ್ತಿ ಬಂತು. ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಅದು ಕೋಡ್ ಕೊಡಿಸುತ್ತದೆ. ಎಂಐಟಿ, ಬಿಎಸ್‌ಡಿ, ಅಪಾಚೆ ಲೈಸೆನ್ಸ್‌ಗಳ ದಾರಿಯೇ ಬೇರೆ. ಅಲ್ಲಿ ಮೂಲ ಕರ್ತೃಗಳ ಕೃತಿಸ್ವಾಮ್ಯ ಸೂಚನೆ, ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಬಹುಪಾಲು ಕೆಲಸ ಮುಗಿಯಿತು, ಬದಲಾವಣೆಗಳನ್ನು ಗುಟ್ಟಾಗಿಡಬಹುದು. ಜಿಪಿಎಲ್ ಇದ್ದರೂ, ಅದೇ ಸಾಧನದಲ್ಲಿರುವ ಕಂಪನಿಯ ಪ್ರತ್ಯೇಕ, ಸ್ವತಂತ್ರ ಪ್ರೋಗ್ರಾಮುಗಳ ಕೋಡ್ ಕೇಳಲು ಬರುವುದಿಲ್ಲ.

ಕೊಡುವ ಕೋಡ್ ಪೂರ್ತಿಯಾಗಿರಬೇಕು. ಕಂಪೈಲ್ ಮಾಡಿ ಅನುಸ್ಥಾಪಿಸಲು ಬಳಸಿದ ಸ್ಕ್ರಿಪ್ಟ್‌ಗಳೂ ಸೇರಿರಬೇಕೆಂದು ಲೈಸೆನ್ಸ್ ಸ್ಪಷ್ಟವಾಗಿ ಹೇಳುತ್ತದೆ. ತಿದ್ದಿದ ಕಡತಗಳಲ್ಲಿ ತಿದ್ದಿದ್ದು ಯಾರು, ಯಾವ ದಿನ ಎಂಬುದೂ ಇರಬೇಕು. ‘ಚಿಪ್ ಕೊಟ್ಟವರು ನಮಗೇ ಕೋಡ್ ಕೊಟ್ಟಿಲ್ಲ’ ಎಂಬುದು ಒಪ್ಪುವ ಉತ್ತರವಲ್ಲ. ತಮ್ಮ ಹೆಸರಿನಲ್ಲಿ ಮಾರಿದವರದ್ದೇ ಹೊಣೆ. ಈ ನಿಯಮ ಪಾಲನೆಯಾದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರ್ ಸಾಕ್ಷಿ. ಅದರೊಳಗೆ ಲಿನಕ್ಸ್ ಇದೆಯೆಂದು ಪ್ರೋಗ್ರಾಮರುಗಳು ಪತ್ತೆಹಚ್ಚಿ ಒತ್ತಾಯಿಸಿದ ಮೇಲೆ 2003ರಲ್ಲಿ ಕೋಡ್ ಹೊರಬಂತು. ಅದನ್ನೇ ತಳಹದಿ ಮಾಡಿಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಶುರುವಾಯಿತು. ಕಂಪನಿಗಳು ಕೈಬಿಟ್ಟ ಎಷ್ಟೋ ರೂಟರುಗಳು ಇವತ್ತಿಗೂ ಅದರ ಬಲದಲ್ಲಿ ಸುರಕ್ಷಿತವಾಗಿ ಓಡುತ್ತಿವೆ.

ಕೋಡ್ ಕೇಳುವ ಕ್ರಮ ಸರಳ. ಮೊದಲು ಪೆಟ್ಟಿಗೆಯಲ್ಲಿ ಬಂದ ಕೈಪಿಡಿಯ ಕೊನೆಯ ಹಾಳೆಗಳನ್ನು, ಟಿವಿಯಾದರೆ ಸೆಟ್ಟಿಂಗ್ಸ್‌ನ ‘ಅಬೌಟ್’ ಅಥವಾ ‘ಲೀಗಲ್’ ಭಾಗವನ್ನು ನೋಡಬೇಕು. ಕೋಡನ್ನು ಸಾಧನದ ಜೊತೆಗೇ ಕೊಡದ ಕಂಪನಿ ಸಾಮಾನ್ಯವಾಗಿ ಅಲ್ಲಿ ಲಿಖಿತ ಭರವಸೆಯೊಂದನ್ನು ನೀಡಿರುತ್ತದೆ. ಎರಡನೆಯ ಆವೃತ್ತಿಯಂತೆ ಆ ಭರವಸೆಗೆ ಕನಿಷ್ಠ ಮೂರು ವರ್ಷದ ಆಯಸ್ಸು. ಸಾಧನ ಕೊಳ್ಳದವರೂ ಅದನ್ನು ಬಳಸಿಕೊಳ್ಳಬಹುದು. ಕಳಿಸುವ ವೆಚ್ಚಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಅಲ್ಲಿ ಕೊಟ್ಟ ವಿಳಾಸಕ್ಕೆ ಮಾದರಿ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಖರೀದಿಯ ತಾರೀಖು ನಮೂದಿಸಿ, ಬಿಲ್ಲಿನ ನಕಲು ಲಗತ್ತಿಸಿ ಬರೆಯಬೇಕು. ಫರ್ಮ್‌ವೇರ್ ಆವೃತ್ತಿ ಬಿಟ್ಟುಹೋದರೆ ಬೇರಾವುದೋ ಆವೃತ್ತಿಯ ಕೋಡ್ ಬಂದು ಕೂರುತ್ತದೆ. ಮಿಂಚಂಚೆಗೆ ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಂಪನಿ ಕೊಡದೇ ಹೋದರೆ ದಾವೆ ಹೂಡುವ ನೇರ ದಾರಿ ಇರುವುದು ಕೃತಿಸ್ವಾಮ್ಯದ ಒಡೆಯರಿಗೆ. ಕೊಂಡವರು ತಮ್ಮ ಪತ್ರವ್ಯವಹಾರವನ್ನು ಅವರಿಗೆ, ಅಥವಾ ಇಂಥ ದೂರು ಸ್ವೀಕರಿಸುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಗೆ ತಲುಪಿಸಬಹುದು. ಜರ್ಮನಿಯಲ್ಲಿ ಹರಾಲ್ಡ್ ವೆಲ್ಟೆ ತಾವು ಬರೆದ ಕೋಡಿನ ಒಡೆಯರಾಗಿಯೇ 2004ರಲ್ಲಿ ಮ್ಯೂನಿಕ್ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆದರು. ಕನ್ಸರ್ವೆನ್ಸಿಯು 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಿವಿ ಕಂಪನಿ ವಿಜಿಯೊ ಮೇಲೆ ಹೂಡಿದ ದಾವೆ ಒಂದು ಹೆಜ್ಜೆ ಮುಂದಿನದು: ಅಲ್ಲಿ ಅದು ಬಂದದ್ದು ಟಿವಿ ಕೊಂಡ ಗ್ರಾಹಕನಾಗಿ.

ಎಲ್ಲ ಉಲ್ಲಂಘನೆಯೂ ನ್ಯಾಯಾಲಯ ಹತ್ತಬೇಕೆಂದಿಲ್ಲ. ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ, ಮೊದಲ ಸಲ ತಪ್ಪಿದವರು ನೋಟಿಸ್ ತಲುಪಿದ 30 ದಿನಗಳೊಳಗೆ ಸರಿಪಡಿಸಿಕೊಂಡರೆ ಲೈಸೆನ್ಸ್ ಮರಳಿ ಸಿಗುತ್ತದೆ.

ಇನ್ನು ದಾವೆ ಹೂಡಬಲ್ಲ ಒಡೆಯರ ವಿಷಯ: ಲಿನಕ್ಸ್ ಕರ್ನೆಲ್‌ಗೆ ಒಬ್ಬನೇ ಒಡೆಯನಿಲ್ಲ. ಬರೆದ ಪ್ರತಿಯೊಬ್ಬರ ಭಾಗಕ್ಕೆ ಅವರವರೇ ಒಡೆಯರು. ನೌಕರಿಯ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಭಾರತದ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರಂತೆ ಕಂಪನಿಯೇ ಒಡೆಯ. ಬಿಡುವಿನಲ್ಲಿ ಸ್ವಂತವಾಗಿ ಬರೆದ ಕರ್ನಾಟಕದ ಪ್ರೋಗ್ರಾಮರ್ ಸೆಕ್ಷನ್ 62ರ ಪ್ರಕಾರ ತಾನು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು.