ಕೆರೆಯ ದಂಡೆಯ ಕಂಗು ಮತ್ತು ಕೆರೆಯೊಳಗಿನ ಮೀನು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಸೀಮೆಗಳಲ್ಲಿ ಮನೆಯ ಹಿಂದಣ ತೋಟಕ್ಕೆ ಒಂದು ಚಿಕ್ಕ ಕೆರೆಯಿರುವುದು ಸಾಮಾನ್ಯವು. ಮುರಕಲ್ಲನ್ನು ಕಡಿದು ತೋಡಿದ ಈ ಕೆರೆಗಳು ಬೇಸಗೆಯಲ್ಲಿ ಕಂಗಿಗೂ ತೆಂಗಿಗೂ ನೀರನ್ನು ಒದಗಿಸುವುವು. ಕೆಲವರು ಇವುಗಳಲ್ಲಿ ಕಾಟ್ಲಾ, ರೋಹು ಮೀನುಗಳನ್ನೂ, ನೋಟಕ್ಕಾಗಿ ಕೊಯಿ ಎಂಬ ಬಣ್ಣದ ಮೀನನ್ನೂ ಸಾಕುವುದುಂಟು. ಕೊಯಿಯು ಸಾಮಾನ್ಯ ಗೆಂಡೆಮೀನಿನ ಒಂದು ಭೇದವೇ. ಜಪಾನಿನ ನೀಗಾತಾ ಸೀಮೆಯ ಬತ್ತದ ಬೇಸಾಯಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಆಯ್ದು ಬೆಳೆಸಿದುದು. ಒಂದೇ ಕೆರೆಯು ಮರಕ್ಕೂ ಮೀನಿಗೂ ಆಗಬೇಕಾದರೆ, ಒಂದರ ಹಿತವು ಮತ್ತೊಂದರ ನಾಶಕ್ಕೆ ಕಾರಣವಾಗದಂತೆ ನೋಡಿಕೊಳ್ಳುವುದು ಅವಶ್ಯಕವು.

1. ಸ್ಥಳ

ಕಂಗು ನೀರನ್ನು ಬಯಸುವ ಮರವಾದರೂ ನಿಂತ ನೀರನ್ನು ಸಹಿಸಲಾರದು. ಅದರ ಬೇರುಗಳಲ್ಲಿ ಹೆಚ್ಚಿನವು ಮೇಲಣ ಎರಡು ಮೂರು ಅಡಿ ಮಣ್ಣಿನಲ್ಲಿಯೇ ಹರಡಿರುವುವು. ಆದುದರಿಂದ ನೆಡುವುದಕ್ಕೆ ಮುಂಚಿನ ಆಟಿ ತಿಂಗಳಲ್ಲಿ ದಂಡೆಯ ಮೇಲೆ ಒಂದು ಗುಂಡಿಯನ್ನು ತೋಡಿ ನೀರು ಎಲ್ಲಿಯವರೆಗೆ ಏರುವುದೆಂದು ಪರೀಕ್ಷಿಸತಕ್ಕದ್ದು. ನೀರು ಎರಡು ಅಡಿಗಿಂತ ಮೇಲಕ್ಕೆ ಬಂದು ನಿಲ್ಲುವುದಾದರೆ, ಬಸಿಗಾಲುವೆ ತೋಡದೆ ಅಲ್ಲಿ ಕಂಗು ನೆಡಕೂಡದು. ಈ ಕಾಲುವೆಯು ಸಸಿ ನೆಟ್ಟ ಗುಂಡಿಗಿಂತ ಒಂದಡಿ ಆಳವಾಗಿರಬೇಕು. ಅದರ ನೀರು ಕೆರೆಗೆ ಬೀಳದೆ ಕೆರೆಯ ಕೆಳಗಡೆಗೆ ಹರಿದುಹೋಗಬೇಕು. ಸಾಲಿನಿಂದ ಸಾಲಿಗೆ, ಸಸಿಯಿಂದ ಸಸಿಗೆ 9 ಅಡಿ ಅಂತರವು ಯೋಗ್ಯವು. ಕೆರೆಯ ಅಂಚಿನಿಂದಲೂ ಅಷ್ಟೇ ದೂರವನ್ನು ಬಿಟ್ಟರೆ, ಉದುರಿದ ಹಾಳೆ ಸೋಗೆಗಳು ನೀರಿಗೆ ಬೀಳುವುದು ಕಡಿಮೆಯಾಗುವುದು. ಇವು ನೀರಿನಲ್ಲಿ ಕೊಳೆತರೆ ಮೀನಿನ ಉಸಿರಾಟಕ್ಕೆ ಬೇಕಾದ ಆಮ್ಲಜನಕವು ವ್ಯಯವಾಗುವುದು. ಬೆಳಗಿನ ಜಾವದಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಇದರ ಗುರುತು. ಗೆಂಡೆಯ ಜಾತಿಯ ಮೀನುಗಳು ಮಣ್ಣನ್ನು ಕೆದಕಿ ಮೇಯುವುದರಿಂದ ಮಣ್ಣಿನ ದಂಡೆಯು ಜರಿಯುವ ಭಯವೂ ಉಂಟು. ಅಂಥಲ್ಲಿ ಒಳಮೈಗೆ ಕಲ್ಲು ಕಟ್ಟಿಸುವುದು ಲೇಸು.

2. ಬಿಸಿಲು

ನೈಋತ್ಯದಿಂದ ಬೀಳುವ ಸಂಜೆಯ ಬಿಸಿಲಿಗೆ ಕಂಗಿನ ಕಾಂಡವು ಬೆಂದು ಸೀಳುವುದು. ಸೀಳಿದ ಮರವು ಗಾಳಿಗೆ ಮುರಿಯುವುದು. ಕೆರೆಯ ಉತ್ತರ ಮತ್ತು ಪೂರ್ವದ ದಂಡೆಗಳಲ್ಲಿ ನೆಟ್ಟ ಸಾಲಿಗೆ ಮುಂದೆ ನೀರಿನ ಬಯಲೇ ಇರುವುದರಿಂದ ಯಾವ ಮರೆಯೂ ಇಲ್ಲ. ಅಲ್ಲಿ ಅಂಚಿನ ಸಾಲಿಗೆ ತೆಂಗನ್ನು ನೆಟ್ಟು, ಅದರ ಹಿಂದೆ ಕಂಗನ್ನು ನೆಡುವುದು ಉತ್ತಮವು. ತೆಂಗು ಎತ್ತರವಾಗುವವರೆಗೆ ಎಳೆಯ ಸಸಿಗಳಿಗೆ ಬಾಳೆಯ ನೆರಳು ಸಾಕು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಸ್ಥಾಪಿತವಾದ ಅಡಕೆ ಸಂಶೋಧನ ಕೇಂದ್ರದಿಂದ 1972ರಲ್ಲಿ ಹೊರಬಂದ ಮಂಗಳ ತಳಿಯು ಗಿಡ್ಡವಾಗಿ ಬೆಳೆದು ಬೇಗನೆ ಫಲಕ್ಕೆ ಬರುವುದು.

3. ಮೈಲುತುತ್ತು

ಮುಖ್ಯವಾದ ವಿಷಯವು ಇದೇ. ಕೊಳೆರೋಗವು ಬೂಷ್ಟಿನಂಥ ಸೂಕ್ಷ್ಮಜೀವಿಯಿಂದ ಬರುವುದೆಂದೂ ಬೋರ್ಡೋ ದ್ರಾವಣವು ಇದಕ್ಕೆ ಮದ್ದೆಂದೂ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ತೋರಿಸಿಕೊಟ್ಟರು. ಇಂದಿಗೂ ಇದೇ ಮದ್ದು. ಆದರೆ ಗೊನೆಯನ್ನು ಕಾಯುವ ತಾಮ್ರವೇ ಮೀನಿಗೆ ವಿಷವು. ಮುರಕಲ್ಲಿನ ನೆಲದ ನೀರು ಮೃದುವಾಗಿಯೂ ಹುಳಿಯ ಗುಣವುಳ್ಳದ್ದಾಗಿಯೂ ಇರುವುದರಿಂದ, ಗಡಸು ನೀರಿಗಿಂತ ಇದರಲ್ಲಿ ಆ ವಿಷದ ತೀವ್ರತೆ ಹೆಚ್ಚು.

ಒಂದು ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು 50 ಲೀಟರು ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚೂರಿಯನ್ನು ಅದ್ದಿದಾಗ ಕೆಂಪು ಕಲೆ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುವುದು ಕ್ರಮವು.

ಮದ್ದು ಕಲಸುವ ಸ್ಥಳವು ಕೆರೆಯಿಂದ ದೂರವೂ ತಗ್ಗಿನಲ್ಲಿಯೂ ಇರಲಿ. ಪಾತ್ರೆಗಳನ್ನೂ ಪಂಪನ್ನೂ ಕೆರೆಯಲ್ಲಿ ತೊಳೆಯಲೇ ಕೂಡದು. ಗಾಳಿ ಕೆರೆಯತ್ತ ಬೀಸುವಾಗ ಸಿಂಪಡಿಸಬಾರದು. ಅಂಚಿನ ಮರಗಳಿಗೆ ಮದ್ದನ್ನೇ ಬಿಟ್ಟು, ಮಳೆಗಾಲಕ್ಕೆ ಮೊದಲೇ ಗೊನೆಗೆ ಕೊಟ್ಟೆ ಕಟ್ಟಬಹುದು. ಮಲೆನಾಡಿನವರ ಈ ಹಳೆಯ ಪದ್ಧತಿಯನ್ನು ಈಗ ಪ್ಲಾಸ್ಟಿಕ್ ಹೊದಿಕೆಯಿಂದಲೂ ನಡೆಸಬಹುದು. ಕೆಲವೇ ಮರಗಳಾದುದರಿಂದ ಕೂಲಿಯ ಭಾರವು ದೊಡ್ಡದಾಗದು.

4. ಬೇಸಗೆಯ ನೀರು

ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರು ಹಿಡಿದರೆ ನೂರು ಮರಗಳಿಗೆ 2,000 ಲೀಟರು ಬೇಕು. 20 ಅಡಿ ಉದ್ದ, 20 ಅಡಿ ಅಗಲದ ಕೆರೆಯಲ್ಲಿ ಇದರಿಂದ ನೀರು ದಿನಕ್ಕೆ ಎರಡು ಅಂಗುಲ ಇಳಿಯುವುದು. ಒರತೆಯಿಲ್ಲದಿದ್ದರೆ ತಿಂಗಳಿಗೆ ಐದು ಅಡಿ. ಬಿಸಿಲಿಗೆ ಆರುವ ನೀರು ಬೇರೆ. ಉಳಿದ ತೆಳುವಾದ ನೀರು ಕಾದು, ಆಮ್ಲಜನಕವು ಕುಂದಿ, ಮೀನುಗಳು ಒಂದೇ ರಾತ್ರಿಯಲ್ಲಿ ಸಾಯಬಹುದು. ಆದುದರಿಂದ ತಳದಿಂದ ಮೂರು ಅಡಿ ಎತ್ತರಕ್ಕೆ ಗುರುತು ಮಾಡಿ, ಪಂಪಿನ ಕೊಳವೆಯ ಬಾಯಿಯನ್ನು ಅದಕ್ಕೆ ಮೇಲೆಯೇ ಇಡತಕ್ಕದ್ದು. ಒರತೆ ಕಡಿಮೆಯಾದ ಕೆರೆಯಾದರೆ ಶಿವರಾತ್ರಿಯ ಹೊತ್ತಿಗೆ ಕಾಟ್ಲಾ, ರೋಹುಗಳನ್ನು ಹಿಡಿದು ಮಾರಿ, ಬಣ್ಣದ ಮೀನುಗಳನ್ನು ನೆರಳಿನ ತೊಟ್ಟಿಗೆ ಸಾಗಿಸುವುದು ಮೇಲು.

ಮೀನು ಬಿಡುವುದಕ್ಕೆ ಮುಂಚೆ ರೈತನು ತನ್ನ ಮರಗಳನ್ನು ಎಣಿಸಿ, ಕೆರೆಯನ್ನು ಅಳೆದು ಈ ಲೆಕ್ಕವನ್ನು ಹಾಕಿಕೊಳ್ಳಲಿ. ಎರಡಕ್ಕೂ ನೀರು ಸಾಲದೆಂದು ಕಂಡರೆ ತೋಟವನ್ನೇ ಮೊದಲು ಕಾಯತಕ್ಕದ್ದು. ಮೀನನ್ನು ಮರುವರ್ಷವೂ ಬಿಡಬಹುದು. ಒಣಗಿದ ಕಂಗಿನ ಸ್ಥಾನದಲ್ಲಿ ಮತ್ತೊಂದು ಫಲ ಕೊಡಲು ಹಲವು ವರ್ಷಗಳೇ ಬೇಕು.