ಒಗರು, ಕೊಬ್ಬು, ಉಷ್ಣತೆ: ಅಗ್ಗದ ಕೆಂಪು ವೈನೂ ಮನೆಯೂಟವೂ

ಫ್ರಾನ್ಸ್ ದೇಶದ ಲಿಯೋನ್ ನಗರದ ಒಂದು ಸಾಧಾರಣ ಸಂಸಾರದ ರಾತ್ರಿಯೂಟವನ್ನು ಕಲ್ಪಿಸಿಕೊಳ್ಳೋಣ. ಚನ್ನಂಗಿಯ ಜಾತಿಯ ಹಸಿರು ಕಾಳನ್ನು ಈರುಳ್ಳಿಯೊಡನೆ ಬೇಯಿಸಿ, ಅದರಲ್ಲಿ ಹಂದಿಮಾಂಸದ ಸಾಸೇಜನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಹಾಕಿದ್ದಾರೆ. ಜೊತೆಗೆ ಬ್ರೆಡ್ಡು, ಕಡೆಗೆ ಒಂದು ತುಂಡು ಚೀಸು. ಮೇಜಿನ ಮೇಲೆ, ನಗರದ ಉತ್ತರಕ್ಕಿರುವ ಬೋಜೊಲೆ ಬೆಟ್ಟಗಳಿಂದ ಬಂದ ಕೆಂಪು ವೈನಿನ ಒಂದು ಸೀಸೆ. ಅದು ದುಬಾರಿಯದಲ್ಲ, ಉಣ್ಣುವವರು ವೈನಿನ ಪಂಡಿತರೂ ಅಲ್ಲ. ಆದರೂ ಆ ಊಟಕ್ಕೆ ಆ ಪಾನೀಯವು ಚೆನ್ನಾಗಿ ಒಗ್ಗುತ್ತದೆ. ಹತ್ತು ಪಾಲು ಹೆಚ್ಚು ಬೆಲೆಯ ವೈನು ಅದೇ ಊಟದೊಡನೆ ಅಷ್ಟು ಒಗ್ಗದೆ ಹೋಗುವುದೂ ಉಂಟು. ಇದಕ್ಕೆ ಕಾರಣವೇನು?

ಬೆಲೆಯೇ ರುಚಿಯ ಅಳತೆಗೋಲೆಂಬ ಭಾವನೆ ಎಲ್ಲೆಡೆಯೂ ಬಲವಾಗಿದೆ. ಓದಲೆಂದೋ ದುಡಿಯಲೆಂದೋ ಹೊರದೇಶಗಳಿಗೆ ಹೋದ ನಮ್ಮವರು ಅಂಗಡಿಯ ಕಪಾಟಿನ ಮುಂದೆ ನಿಂತು, ಅಗ್ಗದ್ದನ್ನು ಕೊಂಡರೆ ತಮ್ಮ ಅಜ್ಞಾನ ಬಯಲಾದೀತೆಂದು ಹೆದರಿ, ಶಕ್ತಿಗೆ ಮೀರಿದ ಹಣ ತೆರುತ್ತಾರೆ. ಈ ಹೆದರಿಕೆಗೆ ಆಧಾರವುಂಟೇ ಎಂಬುದನ್ನು ಪ್ರಯೋಗದಿಂದಲೇ ಪರೀಕ್ಷಿಸಿದ್ದಾರೆ. ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಸರನ್ನೂ ಬೆಲೆಯನ್ನೂ ಮರೆಮಾಡಿ ನಡೆಸಿದ ಆರು ಸಾವಿರಕ್ಕೂ ಹೆಚ್ಚು ರುಚಿಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ತರಬೇತಿಯಿಲ್ಲದ ಜನರು ದುಬಾರಿಯಾದುದನ್ನು ಹೆಚ್ಚು ಮೆಚ್ಚಲಿಲ್ಲ. ತೂಗಿ ನೋಡಿದರೆ ತುಸು ಕಡಿಮೆಯೇ ಮೆಚ್ಚಿದರು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳು ೨೦ ಮಂದಿಗೆ ಒಂದೇ ವೈನನ್ನು ಒಮ್ಮೆ ೧೦ ಡಾಲರಿನದೆಂದೂ ಮತ್ತೊಮ್ಮೆ ೯೦ ಡಾಲರಿನದೆಂದೂ ಹೇಳಿ ಕೊಟ್ಟು, ಅವರ ಮಿದುಳಿನ ಚಟುವಟಿಕೆಯನ್ನು ಯಂತ್ರದಿಂದ ಗಮನಿಸಿದ ಪ್ರಯೋಗವೂ ಪ್ರಕಟವಾಯಿತು. ಹೆಚ್ಚಿನ ಬೆಲೆಯನ್ನು ಕೇಳಿದಾಗ ಸುಖಾನುಭವಕ್ಕೆ ಸಂಬಂಧಿಸಿದ ಭಾಗವು ನಿಜವಾಗಿಯೂ ಚುರುಕಾಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲೆಯ ಚೀಟಿಯನ್ನು ಸವಿಯುತ್ತಿದ್ದರು, ಅಷ್ಟೆ.

ಹಾಗಾದರೆ ಬೆಲೆಯಲ್ಲಿ ಅಂತರವೇಕೆ? ದ್ರಾಕ್ಷಿಯ ರಸದಲ್ಲಿ ಲೀಟರಿಗೆ ಸುಮಾರು ೨೦೦ ಗ್ರಾಂ ಸಕ್ಕರೆಯಿರುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಅದನ್ನು ಹುದುಗಿಸಿ, ನೂರಕ್ಕೆ ೧೨ ಭಾಗದಷ್ಟು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಕಪ್ಪು ದ್ರಾಕ್ಷಿಯ ತಿರುಳಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲ. ಸಿಪ್ಪೆಯೂ ಬೀಜವೂ ರಸದಲ್ಲಿ ನೆನೆದಾಗ ಬಣ್ಣವೂ ಟ್ಯಾನಿನ್ ಎಂಬ ಒಗರು ವಸ್ತುವೂ ಇಳಿಯುತ್ತವೆ. ಇಲ್ಲಿಯವರೆಗೆ ಅಗ್ಗದ ವೈನಿಗೂ ದುಬಾರಿ ವೈನಿಗೂ ದಾರಿ ಒಂದೇ. ಅನಂತರ ದುಬಾರಿ ವೈನನ್ನು ಓಕ್ ಮರದ ಹೊಸ ಪೀಪಾಯಿಗಳಲ್ಲಿ ತುಂಬಿ ಇಡುತ್ತಾರೆ. ೨೨೫ ಲೀಟರಿನ ಒಂದು ಪೀಪಾಯಿಯಿಂದ ದೊರಕುವುದು ಸುಮಾರು ೩೦೦ ಸೀಸೆ ಮಾತ್ರ. ಪೀಪಾಯಿಯ ಬೆಲೆಯೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ಒಗರು ಇಳಿಯಲೆಂದು ವರ್ಷಗಟ್ಟಲೆ ಕಾಯುವಾಗ ಹೂಡಿದ ಹಣವೂ ಸುಮ್ಮನೆ ಕುಳಿತಿರುತ್ತದೆ.

ಬೋಜೊಲೆಯ ಮಾತು ಬೇರೆ. ಅಲ್ಲಿ ಬೆಳೆಯುವ ಗಾಮೆ ಎಂಬ ದ್ರಾಕ್ಷಿಯು ಬೇಗ ಹಣ್ಣಾಗುತ್ತದೆ, ಧಾರಾಳವಾಗಿ ಫಲ ಕೊಡುತ್ತದೆ. ಈ ಧಾರಾಳವೇ ಅದಕ್ಕೆ ಮುಳುವಾಯಿತು: ಬರ್ಗಂಡಿಯ ಅರಸ ದಿಟ್ಟ ಫಿಲಿಪನು ೧೩೯೫ರಲ್ಲಿ ಇದನ್ನು ಕೆಟ್ಟ ಬಳ್ಳಿಯೆಂದು ಜರೆದು, ತನ್ನ ನಾಡಿನಿಂದ ಕಿತ್ತುಹಾಕಿಸಲು ಆಜ್ಞೆ ಹೊರಡಿಸಿದನು. ಗಾಮೆಯು ದಕ್ಷಿಣದ ಬೋಜೊಲೆಯ ಕಗ್ಗಲ್ಲಿನ ನೆಲದಲ್ಲಿ ನೆಲೆ ಕಂಡುಕೊಂಡಿತು. ಇಲ್ಲಿ ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ತುಂಬುವುದು ವಾಡಿಕೆ. ಹುದುಗುವಿಕೆಯಿಂದ ಹುಟ್ಟಿದ ಇಂಗಾಲಾಮ್ಲ ವಾಯು ತೊಟ್ಟಿಯನ್ನು ಆವರಿಸುತ್ತದೆ. ಉಸಿರಾಡಲು ಆಮ್ಲಜನಕವಿಲ್ಲದ ಹಣ್ಣು ತನ್ನೊಳಗಿನ ಕಿಣ್ವಗಳಿಂದಲೇ ಸಕ್ಕರೆಯನ್ನು ಮುರಿಯತೊಡಗುತ್ತದೆ. ಈ ಕ್ರಿಯೆಯನ್ನು ೧೯೩೦ರ ದಶಕದಲ್ಲಿ ಮಿಶೆಲ್ ಫ್ಲಾಂಜಿ ಎಂಬ ಫ್ರೆಂಚ್ ವಿಜ್ಞಾನಿಯು ಶಾಸ್ತ್ರೀಯವಾಗಿ ಅಭ್ಯಸಿಸಿದನು. ಇದರಿಂದ ಬಣ್ಣವೂ ಹಣ್ಣಿನ ಪರಿಮಳವೂ ಬರುತ್ತವೆ, ಒಗರು ಮಾತ್ರ ಕಡಿಮೆ. ಒಗರು ಕಡಿಮೆಯಾದುದರಿಂದ ಪೀಪಾಯಿಯೂ ಬೇಡ, ಕಾಯುವುದೂ ಬೇಡ. ಕೆಲವು ತಿಂಗಳಲ್ಲೇ ಮಾರಬಹುದು. ಈ ವೈನು ಅಗ್ಗವಾಗಲು ಕಾರಣವಾದ ಗುಣವೇ ಅದು ಮನೆಯೂಟಕ್ಕೆ ಒಗ್ಗಲೂ ಕಾರಣ ಎಂಬುದು ಈ ಲೇಖಕನ ಅಭಿಪ್ರಾಯ. ಅದನ್ನು ಸ್ಥಾಪಿಸಲು ಒಗರಿನ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು.

ಎಳೆಯ ಅಡಿಕೆ, ಬಾಳೆಕಾಯಿ, ನೇರಳೆಹಣ್ಣು, ದಾಳಿಂಬೆಯ ಸಿಪ್ಪೆ, ಹಾಲು ಬೆರೆಸದ ಚಹ ಇವುಗಳ ಒಗರನ್ನು ಅರಿಯದ ಕನ್ನಡಿಗನಿಲ್ಲ. ನಮ್ಮ ಹಿಂದಿನವರು ಇದನ್ನು ಆರು ರಸಗಳಲ್ಲಿ ಒಂದೆಂದು ಎಣಿಸಿದರು. ಇಂದಿನ ಶರೀರವಿಜ್ಞಾನವು ಇದನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶದ ಕಡೆಗೆ ಸೇರಿಸುತ್ತದೆ. ಲಾಲಾರಸದಲ್ಲಿ ಕೆಲವು ಬಗೆಯ ಪ್ರೋಟೀನುಗಳಿವೆ. ಯಂತ್ರದ ಸಂದುಗಳಿಗೆ ಎಣ್ಣೆಯಿದ್ದಂತೆ, ನಾಲಗೆ, ಕೆನ್ನೆ, ಅಂಗುಳುಗಳ ನಡುವೆ ಅವು ಜಾರುಪೊರೆಯಾಗಿರುತ್ತವೆ. ಟ್ಯಾನಿನ್ ಆ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗರಣೆಗಟ್ಟಿಸುತ್ತದೆ. ಪೊರೆ ಹರಿದುಹೋಗುತ್ತದೆ, ನಾಲಗೆ ಒರಟೊರಟಾಗಿ ಉಜ್ಜುತ್ತದೆ. ಭೌತವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಒಗರೆಂಬುದು ಬಾಯಿಯೊಳಗಿನ ಘರ್ಷಣೆಯ ಏರಿಕೆ. ತೊಗಲನ್ನು ಹದಮಾಡುವವರು ತಂಗಡಿಯ ತೊಗಟೆಯನ್ನು ಬಳಸುವುದೂ ಟ್ಯಾನಿನ್ನಿನ ಈ ಅಂಟುಗುಣಕ್ಕಾಗಿಯೇ.

ವೈನನ್ನು ಮುಟ್ಟದವರೂ ಇದನ್ನು ಪರೀಕ್ಷಿಸಿ ನೋಡಬಹುದು. ಹಾಲಿಲ್ಲದೆ ಗಟ್ಟಿಯಾಗಿ ಚಹ ಕಾಸಿ, ಆರಿಸಿ, ಅರ್ಧ ನಿಮಿಷಕ್ಕೊಂದು ಗುಟುಕಿನಂತೆ ಕುಡಿಯಿರಿ. ಮೊದಲ ಗುಟುಕಿಗಿಂತ ಐದನೆಯದು ಹೆಚ್ಚು ಒಗರು. ದ್ರವ ಬದಲಾಗಿಲ್ಲ, ಲಾಲಾರಸದ ಪೊರೆ ಸವೆದಿದೆ. ಈಗ ಒಂದು ಚೂರು ಬೆಣ್ಣೆಯನ್ನು ಬಾಯಲ್ಲಿ ಕರಗಿಸಿ, ಮತ್ತೆ ಒಂದು ಗುಟುಕು ಕುಡಿಯಿರಿ. ಒಗರು ತಗ್ಗಿರುತ್ತದೆ. ಬರಿಯ ಬೆಣ್ಣೆಯ ಜಿಡ್ಡಾದರೋ ಚಹದಿಂದ ತೊಳೆದುಹೋಗಿರುತ್ತದೆ. ೨೦೧೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೊಬ್ಬಿನ ಮಾಂಸವನ್ನೂ ಒಗರು ಪಾನೀಯವನ್ನೂ ಸರದಿಯಲ್ಲಿ ಕೊಟ್ಟು ನೋಡಿದಾಗ ಇದೇ ಕಂಡುಬಂದಿತು: ಜಿಡ್ಡೂ ಒಗರೂ ತಕ್ಕಡಿಯ ಎರಡು ತಟ್ಟೆಗಳಂತೆ ಒಂದನ್ನೊಂದು ಸಮತೂಗುತ್ತವೆ. ಚಹಕ್ಕೆ ಹಾಲು ಬೆರೆಸಿದಾಗ ಹಾಲಿನ ಕೇಸೀನ್ ಎಂಬ ಪ್ರೋಟೀನು ಟ್ಯಾನಿನ್ನನ್ನು ಮೊದಲೇ ಹಿಡಿದುಬಿಡುತ್ತದೆ. ಚೀಸು ವೈನಿನೊಡನೆ ಮಾಡುವ ಕೆಲಸವೂ ಇದೇ.

ಲಿಯೋನಿನ ಊಟಕ್ಕೆ ಮರಳೋಣ. ಸಾಸೇಜಿನಲ್ಲಿ ಕೊಬ್ಬಿದೆ, ಆದರೆ ವಿಪರೀತವಾಗಿಲ್ಲ. ಕಾಳಿನಲ್ಲಿ ಕೊಬ್ಬೇ ಇಲ್ಲವೆನ್ನಬಹುದು. ಅಷ್ಟು ಜಿಡ್ಡಿಗೆ ಅಷ್ಟೇ ಒಗರು ಸಾಕು. ಬಹುಕಾಲ ಇಡಲೆಂದು ಮಾಡಿದ ದುಬಾರಿಯ ಎಳೆಯ ವೈನಿನ ದಟ್ಟ ಒಗರನ್ನು ಸಮತೂಗಿಸಲು ಕೊಬ್ಬಿದ ಕುರಿಯ ತೊಡೆಯೇ ಬೇಕು. ಕಾಳಿನ ಗೊಜ್ಜಿನೊಡನೆ ಅದು ಬಾಯಿಯನ್ನು ಒಣಗಿಸಿಬಿಡುತ್ತದೆ. ಉಪ್ಪಿನ ಪಾತ್ರವೂ ಉಂಟು: ಉಪ್ಪು ಕಹಿಯನ್ನು ಅಡಗಿಸುತ್ತದೆಂದು ೧೯೯೭ರಲ್ಲಿ ಪ್ರಯೋಗದಿಂದ ತೋರಿಸಿದರು. ಸಿಹಿ ಇದಕ್ಕೆ ವಿರೋಧಿ. ಹೋಳಿಗೆ ತಿಂದ ಬಾಯಿಗೆ ಎಂತಹ ಕೆಂಪು ವೈನೂ ಹುಳಿನೀರೇ ಸರಿ.

ಮೀನಿನೊಡನೆ ಕೆಂಪು ವೈನು ಸಲ್ಲದೆಂಬ ಹಳೆಯ ನಿಯಮವು ಬರಿಯ ಡಂಭವೆಂದು ಅನೇಕರು ತಿಳಿದಿದ್ದರು. ೨೦೦೯ರಲ್ಲಿ ಜಪಾನಿನ ಸಂಶೋಧಕರು ೬೯ ವೈನುಗಳನ್ನು ಸಮುದ್ರದ ಚಿಪ್ಪುಜೀವಿಯ ಮಾಂಸದೊಡನೆ ಪರೀಕ್ಷಿಸಿ, ಬಾಯಲ್ಲಿ ಉಳಿಯುವ ನೀಚುವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶವೇ ಕಾರಣವೆಂದು ಕಂಡುಕೊಂಡರು. ಕಬ್ಬಿಣ ಹೆಚ್ಚಾದಷ್ಟೂ ವಾಸನೆ ಹೆಚ್ಚು. ಕೆಂಪು ವೈನುಗಳಲ್ಲಿ ಅದು ಹೆಚ್ಚಾಗಿರುವುದು ಸಾಮಾನ್ಯ, ಆದರೆ ಎಲ್ಲವುಗಳಲ್ಲಿಯೂ ಅಲ್ಲ.

ನಮ್ಮ ನಾಡಿನಲ್ಲೂ ಈಗ ವೈನು ತಯಾರಾಗುತ್ತಿದೆ. ನಂದಿಬೆಟ್ಟದ ಸುತ್ತಮುತ್ತ ಫ್ರಾನ್ಸಿನ ತಳಿಗಳನ್ನು ಬೆಳೆಯುತ್ತಾರೆ. ಕರ್ನಾಟಕ ಸರ್ಕಾರವು ೨೦೦೭ರಲ್ಲಿ ಈ ಉದ್ಯಮಕ್ಕಾಗಿಯೇ ಒಂದು ನೀತಿಯನ್ನು ರೂಪಿಸಿತು. ಆದುದರಿಂದ ಖಾರದ ಪ್ರಶ್ನೆ ನಮಗೆ ಮುಖ್ಯ. ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನರತುದಿಗಳೇ ನಿಜವಾದ ಬಿಸಿಯನ್ನೂ ಗ್ರಹಿಸುತ್ತವೆ. ಸುಮಾರು ೪೨ ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ ಅವು ಸುಡುತ್ತಿದೆ ಎಂದು ಸೂಚಿಸುತ್ತವೆ. ಮದ್ಯಸಾರವು ಈ ಮಿತಿಯನ್ನು ಸುಮಾರು ೩೪ ಡಿಗ್ರಿಗೆ ಇಳಿಸುತ್ತದೆಂದು ೨೦೦೨ರಲ್ಲಿ ತಿಳಿದುಬಂದಿತು. ಬಾಯಿಯ ಉಷ್ಣತೆಯೇ ಅದಕ್ಕಿಂತ ಹೆಚ್ಚು! ಮೆಣಸಿನ ಮೇಲೆ ಮದ್ಯಸಾರವೂ ಸೇರಿದರೆ ಉರಿ ಇಮ್ಮಡಿಸಿದಂತೆ ತೋರುವುದು ಸಹಜ. ಬಾಡಿನ ಖಾರದ ಸಾರಿಗೆ ಮದ್ಯಸಾರವೂ ಒಗರೂ ಕಡಿಮೆಯಿರುವ, ತಂಪಾದ ವೈನೇ ಲೇಸು. ಹುಣಸೆಯ ಹುಳಿ ಬಿದ್ದ ಅಡಿಗೆಗೆ ತಾನೂ ಹುಳಿಯಾಗಿರುವ ವೈನು ಬೇಕು. ಇಲ್ಲವಾದರೆ ಅದು ಸಪ್ಪೆ ಎನಿಸುತ್ತದೆ. ಈ ಎರಡು ಲೆಕ್ಕದಲ್ಲೂ ಗೆಲ್ಲುವುದು ಅಗ್ಗದ, ಹಗುರವಾದ ವೈನೇ.

ತಂಪು ಎಂದೆವು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಯಾವ ಕೋಣೆ? ಆ ನಿಯಮ ಹುಟ್ಟಿದ್ದು ಮನೆಯನ್ನೆಲ್ಲ ಬೆಚ್ಚಗಿಡುವ ಏರ್ಪಾಡುಗಳಿಲ್ಲದ ಹಿಂದಿನ ಯುರೋಪಿನಲ್ಲಿ. ಅಲ್ಲಿ ಕೋಣೆಯೆಂದರೆ ೧೬ರಿಂದ ೧೮ ಡಿಗ್ರಿ. ನಮ್ಮ ಬೇಸಗೆಯ ಕೋಣೆ ೩೦ ಡಿಗ್ರಿ. ಶುದ್ಧ ಮದ್ಯಸಾರದ ಆವಿಯ ಒತ್ತಡವು ೧೫ ಡಿಗ್ರಿಯಲ್ಲಿ ಪಾದರಸದ ೩೨ ಮಿಲಿಮೀಟರು, ೩೦ ಡಿಗ್ರಿಯಲ್ಲಿ ೭೯. ವೈನಿನಲ್ಲಿ ಈ ಅಂಕಿಗಳು ಕಡಿಮೆ, ಆದರೆ ಏರಿಕೆಯ ಪ್ರಮಾಣ ಹೆಚ್ಚುಕಡಿಮೆ ಅದೇ: ಸುಮಾರು ಎರಡೂವರೆ ಪಾಲು. ಮೂಗಿಗೆ ಮೊದಲು ಬಡಿಯುವುದು ಮದ್ಯಸಾರದ ಘಾಟು; ಹಣ್ಣಿನ ನವುರು ಪರಿಮಳ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಅಗ್ಗದ ವೈನು ಕೆಟ್ಟದೆಂದು ತೀರ್ಪು ಕೊಡುವವರಲ್ಲಿ ಅರ್ಧ ಜನ ಬಿಸಿ ವೈನನ್ನು ಕುಡಿದವರಿರಬೇಕು. ಬೋಜೊಲೆಯಂತಹ ಹಗುರ ವೈನಿಗೆ ೧೨ರಿಂದ ೧೪ ಡಿಗ್ರಿ ತಕ್ಕದ್ದು. ಒಗರು ಹೆಚ್ಚಿರುವುದನ್ನು ಅಷ್ಟು ತಣಿಸಬಾರದು. ಚಳಿಯಲ್ಲಿ ಒಗರು ಇನ್ನಷ್ಟು ಒರಟಾಗಿ ತೋರುತ್ತದೆ.

ತಣಿಸುವ ಬಗೆಯೂ ಭೌತವಿಜ್ಞಾನದ ಒಂದು ಪಾಠವೇ. ಶೀತಕದ ಪೆಟ್ಟಿಗೆಯಲ್ಲಿ ಸೀಸೆಯ ಸುತ್ತ ಇರುವುದು ಗಾಳಿ. ಬರ್ಫದ ಚೂರು ಹಾಕಿದ ಬಕೆಟ್ಟಿನಲ್ಲಿ ಇರುವುದು ನೀರು. ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಮಿಕ್ಕು ಚೆನ್ನಾಗಿ ಉಷ್ಣವನ್ನು ಒಯ್ಯುತ್ತದೆ. ಆದುದರಿಂದ ಬಕೆಟ್ಟಿನಲ್ಲಿ ಕಾಲು ಗಂಟೆ ಸಾಕು. ಬರ್ಫವಿಲ್ಲದಿದ್ದರೆ, ಮಣ್ಣಿನ ಹೂಜಿಯ ಉಪಾಯವನ್ನು ಅನುಸರಿಸಿ ಸೀಸೆಗೆ ಒದ್ದೆಬಟ್ಟೆ ಸುತ್ತಿ ಗಾಳಿಗೆ ಇಡಬಹುದು. ಮುಕ್ಕಾಲು ಲೀಟರು ವೈನನ್ನೂ ಅರ್ಧ ಕಿಲೋಗ್ರಾಂ ತೂಗುವ ಸೀಸೆಯನ್ನೂ ೧೦ ಡಿಗ್ರಿ ಇಳಿಸಲು ಸುಮಾರು ೮,೫೦೦ ಕ್ಯಾಲೊರಿ ಉಷ್ಣವನ್ನು ತೆಗೆಯಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಬೇಕು. ಲೆಕ್ಕದಂತೆ ೧೫ ಗ್ರಾಂ, ಎಂದರೆ ಒಂದು ದೊಡ್ಡ ಚಮಚದಷ್ಟು ನೀರು ಆವಿಯಾದರೆ ಸಾಕು. ಸುತ್ತಲಿನ ಗಾಳಿಯೂ ಉಷ್ಣ ಕೊಡುವುದರಿಂದ ವಾಸ್ತವವಾಗಿ ಇನ್ನೂ ಹೆಚ್ಚು ಬೇಕಾಗುತ್ತದೆ. ವಿಜಯಪುರದ ಒಣಹವೆಯಲ್ಲಿ ಇದು ಫಲಿಸುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಅಷ್ಟಾಗಿ ಇಲ್ಲ.

ಬಟ್ಟಲನ್ನು ಅಲುಗಿಸಿದಾಗ ಗಾಜಿನ ಒಳಮೈಯಲ್ಲಿ ಇಳಿಯುವ ಹನಿಸಾಲುಗಳನ್ನು ನೋಡಿ ವೈನಿನ ಯೋಗ್ಯತೆ ಹೇಳುವವರಿದ್ದಾರೆ. ಇದನ್ನು ೧೮೫೫ರಲ್ಲಿಯೇ ಜೇಮ್ಸ್ ಥಾಮ್ಸನ್ ವಿವರಿಸಿದನು: ಗಾಜಿಗೆ ಹತ್ತಿದ ತೆಳುಪದರದಿಂದ ಮದ್ಯಸಾರ ಬೇಗ ಆವಿಯಾಗಿ, ಅಲ್ಲಿ ಮೇಲ್ಮೈ ಎಳೆತ ಹೆಚ್ಚಿ, ಕೆಳಗಿನ ದ್ರವವನ್ನು ಮೇಲಕ್ಕೆ ಸೆಳೆಯುತ್ತದೆ. ಹನಿಗಳು ತಿಳಿಸುವುದು ಮದ್ಯಸಾರದ ಪ್ರಮಾಣವನ್ನು, ಗುಣವನ್ನಲ್ಲ.

ಆ ಪ್ರಮಾಣವನ್ನು ಮರೆಯುವಂತಿಲ್ಲ. ಒಂದು ಸೀಸೆಯಲ್ಲಿ ೭೦ ಗ್ರಾಂಗೂ ಮಿಕ್ಕು ಮದ್ಯಸಾರವಿದೆ. ಮದ್ಯವನ್ನು ೧೯೮೮ರಲ್ಲಿಯೇ ಕ್ಯಾನ್ಸರುಕಾರಕವೆಂದು ವರ್ಗೀಕರಿಸಲಾಗಿದೆ. ಅಪಾಯವೇ ಇಲ್ಲದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಸ್ಪಷ್ಟವಾಗಿ ಸಾರಿದೆ. ೧೪ ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದಲ್ಲಿ ವೈನು ಕೊಡುವುದನ್ನು ಫ್ರಾನ್ಸ್ ನಿಷೇಧಿಸಿದ್ದು ೧೯೫೬ರಲ್ಲಿ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಈಗ ಅಲ್ಲಿನ ಜನ ೧೯೬೦ರ ಸುಮಾರಿಗೆ ಕುಡಿಯುತ್ತಿದ್ದುದರ ಅರ್ಧವನ್ನೂ ಕುಡಿಯುವುದಿಲ್ಲ. ಹೀಗೆ ಮಿತವಾಗಿ ಕುಡಿಯುವ ಮನೆಯಲ್ಲಿ ಒಂದು ಸೀಸೆ ಎರಡು ಮೂರು ರಾತ್ರಿಗೆ ಬರುತ್ತದೆ.

ಉಳಿದುದನ್ನು ಕಾಪಾಡುವುದು ಹೇಗೆ? ತೆರೆದ ವೈನಿಗೆ ಶತ್ರು ಆಮ್ಲಜನಕ. ಗಾಳಿ ದೊರೆತರೆ ಕೆಲವು ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆ. ೧೮೬೬ರಲ್ಲಿ ಪ್ರಕಟವಾದ ಪಾಶ್ಚರನ ಗ್ರಂಥವು ವೈನಿನ ಇಂತಹ ರೋಗಗಳನ್ನೇ ಕುರಿತದ್ದು. ಉಳಿದ ವೈನನ್ನು ಚಿಕ್ಕ ಸೀಸೆಗೆ ಕಂಠಮಟ್ಟ ತುಂಬಿ ಮುಚ್ಚಿದರೆ ಗಾಳಿಗೆ ಎಡೆಯೇ ಇರುವುದಿಲ್ಲ. ಅದನ್ನು ತಂಪಿನಲ್ಲಿಡಬೇಕು, ಪ್ರತಿ ೧೦ ಡಿಗ್ರಿ ಇಳಿದಾಗ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಅರ್ಧವಾಗುತ್ತದೆ.

ಮೂರನೆಯ ದಿನವೂ ಮಿಕ್ಕರೆ ಫ್ರಾನ್ಸಿನ ಗೃಹಿಣಿಯರು ಅದನ್ನು ಮಾಂಸದೊಡನೆ ಬೇಯಿಸುತ್ತಾರೆ. ಮದ್ಯಸಾರದ ಕುದಿಬಿಂದು ೭೮ ಡಿಗ್ರಿಯಾದುದರಿಂದ ಅದೆಲ್ಲ ಕೂಡಲೇ ಹಾರಿಹೋಗುವುದೆಂಬ ನಂಬಿಕೆ ತಪ್ಪು. ನೀರಿನೊಡನೆ ಬೆರೆತ ಮದ್ಯಸಾರ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ೧೯೯೨ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದಾಗ, ಕಾಲು ಗಂಟೆ ಕುದಿಸಿದ ಅಡಿಗೆಯಲ್ಲಿ ಹಾಕಿದುದರ ನೂರಕ್ಕೆ ೪೦ ಭಾಗ ಉಳಿದಿತ್ತು, ಒಂದು ಗಂಟೆಯ ಬಳಿಕ ೨೫, ಎರಡೂವರೆ ಗಂಟೆಯ ಬಳಿಕವೂ ೫. ಮದ್ಯವನ್ನು ವರ್ಜಿಸಿದವರು ಇಂತಹ ಅಡಿಗೆ ಎದುರಾದಾಗ, ಅದು ಎಷ್ಟು ಹೊತ್ತು ಬೆಂದಿದೆ ಎಂದು ವಿಚಾರಿಸಿ ಕೈಯಿಡಬೇಕು.