ಬುತ್ತಿಗೆ ತಕ್ಕ ಪಾತ್ರೆ: ಮನೆಯ ಅಡಿಗೆಯನ್ನು ಮಾರುವ ಸ್ತ್ರೀಯರಿಗೆ ಒಂದು ಪಾಠ

ಅನ್ನವನ್ನು ಹದವಾಗಿ ಬೇಯಿಸುವುದು ಒಂದು ವಿದ್ಯೆ. ಬೇಯಿಸಿದ ಅನ್ನವನ್ನು ಕೆಡದಂತೆ ಮತ್ತೊಬ್ಬರ ಕೈಗೆ ಮುಟ್ಟಿಸುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಮ್ಮ ಹೆಣ್ಣುಮಕ್ಕಳು ತಾಯಂದಿರಿಂದ ಕಲಿತಿರುವರು. ಎರಡನೆಯದನ್ನು ಕಲಿಸುವವರು ವಿರಳ. ಸತ್ತೇಗಾಲದಲ್ಲಿ ಈ ವಿದ್ಯೆಗೆ ಅವಕಾಶವು ಸಾಕಷ್ಟಿದೆ. ಭರಚುಕ್ಕಿಯ ಜಲಪಾತವನ್ನು ನೋಡಬರುವವರಿಗೂ, ಮಲೆಮಹದೇಶ್ವರ ಬೆಟ್ಟದ ಯಾತ್ರಿಕರಿಗೂ, ಕೊಳ್ಳೇಗಾಲದ ಶಾಲೆ ಕಚೇರಿಗಳಲ್ಲಿ ದುಡಿಯುವವರಿಗೂ ಶುಚಿಯಾದ ಮನೆಯೂಟವು ಬೇಕಾಗಿದೆ. ಆದರೆ ಬುತ್ತಿಯು ಒಂದು ದಿನ ಸೋರಿದರೆ ಗಿರಾಕಿಯು ಕೈತಪ್ಪುವನು. ಒಂದು ದಿನ ಹಳಸಿದರೆ ಆತನ ಆರೋಗ್ಯವೇ ಕೆಡುವುದು. ಆದಕಾರಣ ಈ ಉದ್ಯೋಗವನ್ನು ಕೈಕೊಳ್ಳಬೇಕೆಂದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ಮಾತಾಪಿತರ ಪ್ರಯೋಜನಕ್ಕಾಗಿ ಈ ಕೆಲವು ಮಾತುಗಳನ್ನು ಬರೆಯಲಾಗಿದೆ.

ಮೊದಲು ಕೇಳತಕ್ಕ ಪ್ರಶ್ನೆಗಳು

ಅಂಗಡಿಯಲ್ಲಿ ಡಬ್ಬಿಯ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬೇಕು. ಪದಾರ್ಥವು ಎಂಥದು: ನೀರಾದುದೋ, ಜಿಡ್ಡಿನದೋ, ಹುಳಿಯದೋ? ತುಂಬುವಾಗ ಎಷ್ಟು ಬಿಸಿಯಾಗಿರುವುದು? ತುಂಬಿದ ಎಷ್ಟು ಹೊತ್ತಿನ ಮೇಲೆ ಉಣ್ಣಲ್ಪಡುವುದು?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ರೋಗಾಣುಗಳು ಶೀಘ್ರವಾಗಿ ಹೆಚ್ಚುತ್ತವೆ. ಅಕ್ಕಿಯಲ್ಲಿರುವ ಒಂದು ಬಗೆಯ ಅಣುಜೀವಿಯ ಬೀಜಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನವು ಬಹಳ ಹೊತ್ತು ಉಗುರುಬೆಚ್ಚಗೆ ಉಳಿದರೆ ಅವು ಬೆಳೆದು ವಿಷವನ್ನುಂಟುಮಾಡುತ್ತವೆ. ಆ ವಿಷವು ಮತ್ತೆ ಬಿಸಿಮಾಡಿದರೂ ಹೋಗದು. ಆದ್ದರಿಂದ ಬಿಸಿಯಾಗಿ ತುಂಬಿದ ಅನ್ನವು ಎರಡು ಗಂಟೆಗಳೊಳಗೆ ಉಣ್ಣಲ್ಪಡುವಂತೆ ಏರ್ಪಾಡು ಮಾಡತಕ್ಕದ್ದು. ಹಳಸಲಿರುವ ಅನ್ನವನ್ನು ಯಾವ ಅಂದವಾದ ಡಬ್ಬಿಯೂ ಉಳಿಸಲಾರದು.

ಪದಾರ್ಥಗಳ ಗುಣದೋಷಗಳು

ಬಾಳೆ ಎಲೆ: ಎಲೆಯನ್ನು ಕೆಂಡದ ಮೇಲೆ ಸ್ವಲ್ಪ ಬಾಡಿಸಿಕೊಂಡರೆ ಮಡಿಸುವಾಗ ಸೀಳುವುದಿಲ್ಲ. ಪುಳಿಯೋಗರೆ, ಚಿತ್ರಾನ್ನ, ಮೊಸರನ್ನಗಳಿಗೆ ಇದು ಉತ್ತಮ. ಸಾರು ಹುಳಿಗಳಿಗೆ ಆಗದು. ಮುತ್ತುಗದ ಎಲೆಯನ್ನು ಹಚ್ಚಿದ ತಟ್ಟೆ ದೊನ್ನೆಗಳು ಒಣ ಪದಾರ್ಥಕ್ಕೆ ಸಾಕು. ಕಡ್ಡಿಯ ಚೂರು ಅನ್ನಕ್ಕೆ ಬೀಳದಂತೆ ಜಾಗ್ರತೆ ಬೇಕು.

ಅಡಿಕೆ ಹಾಳೆ: ಸ್ವಾಭಾವಿಕವಾದುದೆಲ್ಲವೂ ನಿರಪಾಯವೆಂದು ತಿಳಿಯಬಾರದು. ಅಡಿಕೆಯಲ್ಲಿರುವ ವಿಷಾಂಶವು ಹಾಳೆಯ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು 2025ರ ಮೇ ತಿಂಗಳಲ್ಲಿ ಎಚ್ಚರಿಸಿ, ಅಂಥ ತಟ್ಟೆಗಳನ್ನು ಆ ದೇಶದಲ್ಲಿ ಮಾರಬಾರದೆಂದು ತಿಳಿಸಿತು. ಬಿಸಿ ಸಾರನ್ನು ಅದರಲ್ಲಿ ತುಂಬಿ ಗಂಟೆಗಟ್ಟಲೆ ಇಡದಿರುವುದು ಲೇಸು.

ಅಲ್ಯೂಮಿನಿಯಂ ಹಾಳೆ: ಚಪಾತಿ ಪರೋಟಗಳಿಗೆ ಅಡ್ಡಿಯಿಲ್ಲ. ಹುಣಿಸೆ, ನಿಂಬೆ, ಟೊಮ್ಯಾಟೊ ಇರುವ ಪದಾರ್ಥವು ಈ ಲೋಹವನ್ನು ಕರಗಿಸುವುದರಿಂದ ಅದನ್ನು ಇದರಲ್ಲಿ ಸುತ್ತಬಾರದು.

ಕಾಗದ: ನೀರು ಹಿಡಿಯುವ ಕಾಗದದ ಲೋಟದೊಳಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪೊರೆಯಿರುತ್ತದೆ. ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುವುವೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಇನ್ನು ಹಳೆಯ ವೃತ್ತಪತ್ರಿಕೆಯಲ್ಲಿ ವಡೆ ಬೋಂಡಗಳನ್ನು ಕಟ್ಟುವುದಂತೂ ಕೂಡದು. ಅಚ್ಚಿನ ಮಸಿಯು ಎಣ್ಣೆಯೊಡನೆ ಹೊಟ್ಟೆಗೆ ಸೇರುವುದು.

ಪ್ಲಾಸ್ಟಿಕ್: ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿಯಿರುವುದು. 5 ಎಂದಿದ್ದರೆ ಬಿಸಿಯನ್ನು ತಾಳುವ ಜಾತಿ. 1 ಮತ್ತು 6 ಎಂದಿದ್ದರೆ ಬಿಸಿ ಪದಾರ್ಥಕ್ಕೆ ತಕ್ಕದ್ದಲ್ಲ. ಆಹಾರಕ್ಕೆಂದೇ ತಯಾರಾದುದೆಂಬ ಗುರುತನ್ನೂ ನೋಡಿ ಕೊಳ್ಳಬೇಕು. ಕುದಿಯುವ ಸಾಂಬಾರನ್ನು ತೆಳುವಾದ ಚೀಲಕ್ಕೆ ಸುರಿದು ಗಂಟುಹಾಕುವ ಪದ್ಧತಿಯನ್ನು ಬಿಟ್ಟೇಬಿಡಬೇಕು.

ಕಾಯಿದೆಯ ಮಾತು

2006ನೆಯ ಇಸವಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ಮನೆಯಿಂದ ಊಟ ಮಾರುವವಳೂ ಹೆಸರನ್ನು ನೋಂದಾಯಿಸಿಕೊಳ್ಳತಕ್ಕದ್ದು. ವೃತ್ತಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು 2018ರ ನಿಬಂಧನೆಗಳು ನಿಷೇಧಿಸಿವೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ತಟ್ಟೆ ಲೋಟ ಮುಂತಾದುವನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಲ್ಲಿಸಿತು. ಹೋಟೆಲುಗಳಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವುದನ್ನು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರು ನಿಷೇಧಿಸಿದುದು ವಾಚಕರಿಗೆ ಜ್ಞಾಪಕವಿರಬಹುದು.

ಹಿಂದಿರುಗಿ ಬರುವ ಪಾತ್ರೆ

ಹಾಗಾದರೆ ಉತ್ತಮವಾದುದು ಯಾವುದು? ದಿನವೂ ಒಂದೇ ಮನೆಗೆ ಅಥವಾ ಕಚೇರಿಗೆ ಊಟ ಹೋಗುವುದಾದರೆ ಸ್ಟೀಲಿನ ಟಿಫಿನ್ ಕ್ಯಾರಿಯರಿಗೆ ಸಮನಾದುದು ಬೇರೊಂದಿಲ್ಲ. ಹುಳಿಗೂ ಬಿಸಿಗೂ ಅದು ಅಂಜದು. ಮುಂಬಯಿಯ ಡಬ್ಬಾವಾಲರು 1890ರಿಂದ ನಡೆಸಿಕೊಂಡುಬಂದಿರುವ ಕೆಲಸದ ಸಾರವೂ ಇದೇ: ತುಂಬಿದ ಡಬ್ಬಿಯು ಹೋಗುವುದು, ಬರಿದಾದ ಡಬ್ಬಿಯು ಅದೇ ದಿನ ಹಿಂದಿರುಗುವುದು.

ಬಂಡವಾಳಕ್ಕೆ ಅಂಜುವವರು ಈ ಲೆಕ್ಕವನ್ನು ಮಾಡಿನೋಡಲಿ. ದಿನಕ್ಕೆ 20 ಊಟ, ತಿಂಗಳಿಗೆ 25 ದಿನ, ಬಿಸಾಡುವ ಡಬ್ಬಿಗೆ ಊಟವೊಂದಕ್ಕೆ 8 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಖರ್ಚು 4,000 ರೂಪಾಯಿ. ಗಿರಾಕಿಗೆ ಎರಡರಂತೆ 40 ಕ್ಯಾರಿಯರುಗಳಿಗೆ, ಒಂದಕ್ಕೆ 500 ರೂಪಾಯಿಯಂತೆ, 20,000 ರೂಪಾಯಿ. ತೊಳೆಯುವ ಸೋಪು ನೀರುಗಳಿಗೆ ತಿಂಗಳಿಗೆ 500 ರೂಪಾಯಿ ಕಳೆದರೂ 3,500 ಉಳಿಯುವುದು. ಆರು ತಿಂಗಳೊಳಗೆ ಬಂಡವಾಳವು ಹಿಂದಕ್ಕೆ ಬಂದು, ಮುಂದಿನದೆಲ್ಲವೂ ಲಾಭವಾಗುವುದು. ಕ್ಯಾರಿಯರಿನ ಮೇಲೆ ಅಂಕಿಯನ್ನು ಕೊರೆಯಿಸಿ, ಗಿರಾಕಿಯಿಂದ ಸ್ವಲ್ಪ ಠೇವಣಿಯನ್ನು ಪಡೆದರೆ ಕಳೆದುಹೋಗುವ ಭಯವೂ ಕಡಿಮೆಯಾಗುವುದು. ಮತ್ತೆ ಕಾಣದ ಪ್ರವಾಸಿಗಳಿಗೆ ಮಾತ್ರ ಎಲೆಯ ಪೊಟ್ಟಣವಿರಲಿ. ಅವರಿಗೆ ಸಾರಿನೂಟಕ್ಕಿಂತ ಕಲಸಿದ ಅನ್ನವೇ ತಕ್ಕದ್ದು.

ಮನೆಯಲ್ಲೇ ಮಾಡತಕ್ಕ ಪರೀಕ್ಷೆ

ಹೊಸ ಡಬ್ಬಿಯನ್ನು ಕೊಳ್ಳುವಾಗ ಮೊದಲು ಎರಡನ್ನೇ ತರಬೇಕು. ಒಂದಕ್ಕೆ ಬಿಸಿನೀರು ತುಂಬಿ ಮಗ್ಗುಲಾಗಿ ಮಲಗಿಸಿ ಸೋರುವುದೋ ಎಂದು ನೋಡಬೇಕು. ಇನ್ನೊಂದಕ್ಕೆ ಊಟ ತುಂಬಿ, ಗಿರಾಕಿಯು ಉಣ್ಣುವ ಹೊತ್ತಿನವರೆಗೆ ಮನೆಯಲ್ಲಿಟ್ಟು, ತಾನೇ ತೆರೆದು ಉಂಡು ನೋಡಬೇಕು. ಕರಿದ ಪದಾರ್ಥದ ಡಬ್ಬಿಯಲ್ಲಿ ಆವಿ ಹೋಗಲು ಸಣ್ಣ ರಂಧ್ರವಿರಬೇಕು. ಪೊಟ್ಟಣಕ್ಕೆ ತಂತಿಯ ಪಿನ್ನನ್ನು ಎಂದಿಗೂ ಹೊಡೆಯಬಾರದು; ನೂಲಿನಿಂದ ಕಟ್ಟಬೇಕು.

ಐದು ಸಾವಿರ ಜನರಿಗೆ ಉಣಬಡಿಸಿದ ನಮ್ಮ ಕರ್ತನು, ಊಟವಾದ ಮೇಲೆ ಮಿಕ್ಕ ತುಂಡುಗಳನ್ನು ಕೂಡಿಸುವ ಕೆಲಸವನ್ನೂ ಶಿಷ್ಯರಿಗೆ ವಹಿಸಿದನೆಂದು ನಮ್ಮ ಮಕ್ಕಳು ಓದಿರುವರು. ಉಣಿಸುವವಳ ಹೊಣೆಯು ಉಂಡವನು ಕೈ ತೊಳೆದೊಡನೆ ಮುಗಿಯುವುದಿಲ್ಲ. ಸತ್ತೇಗಾಲದಲ್ಲಿ ಬಿಸಾಡಿದ ಡಬ್ಬಿಯು ಮಳೆಯ ನೀರಿನೊಡನೆ ಕಾವೇರಿಯನ್ನು ಸೇರುವುದು. ಆ ನೀರನ್ನೇ ಕೆಳಗಿನ ಊರುಗಳವರು ಕುಡಿಯುವರು. ಗಿರಾಕಿಯ ಆರೋಗ್ಯ, ಮನೆಯ ಆದಾಯ, ಹೊಳೆಯ ಶುಚಿತ್ವ ಈ ಮೂರನ್ನೂ ಕಾಯುವ ಪಾತ್ರೆಯನ್ನು ನಮ್ಮ ಹೆಣ್ಣುಮಕ್ಕಳು ಆರಿಸಿಕೊಳ್ಳಲೆಂದು ಹಾರೈಸುತ್ತೇನೆ.